ನೀರಿನಲ್ಲಿ ಒಂದು ಪೂರ್ತಿ ಸುತ್ತು

ನನ್ನ ಕಾಯಿಲೆಯ ಬಗ್ಗೆ ಕೊಪ್ಪದಲ್ಲಿ ಮೂರು ಕಥೆಗಳು ಚಾಲ್ತಿಯಲ್ಲಿವೆ. ಹಲ್ಲಿನ ಹುಳ ಎದೆಗೆ ಇಳಿಯಿತು ಎಂಬುದು ಒಂದು. ಈ ವಯಸ್ಸಿನಲ್ಲೂ ಸೈಕಲ್ಲಿಗೆ ಪಂಪು ಹೊಡೆದು ಹೊಡೆದು ಹೃದಯ ಸಡಿಲವಾಯಿತು ಎಂಬುದು ಇನ್ನೊಂದು. ಮೂರನೆಯದು ಆಸ್ಪತ್ರೆಯ ಕಾಗದದಲ್ಲಿದೆ. ಅದರಲ್ಲಿ ಜ್ವರ ಬಂದ ದಿನ, ಬಿಟ್ಟ ದಿನ ಎಲ್ಲವೂ ಇವೆ, ನಡುವೆ ನಾನಿಲ್ಲ. ಈ ಮೂರನ್ನೂ ನಾನು ಒಪ್ಪುವುದಿಲ್ಲವಾದ್ದರಿಂದ ನಾಲ್ಕನೆಯದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಸೇರಿರುವುದರಿಂದ ಉಳಿದವುಗಳಿಗಿಂತ ಇದು ತುಸು ಹೆಚ್ಚು ನಂಬಿಕೆಗೆ ಯೋಗ್ಯವೆಂದು ನನ್ನ ಭಾವನೆ. ಇಂಥದೇ ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತಿರುವ ಯಾರಿಗಾದರೂ ಜೊತೆಯಾದರೆ ಸಾಕು.

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಇಳಿಯುವ ರಸ್ತೆಯಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ಸೈಕಲ್ ಶಾಪು ಇಟ್ಟವನು ನಾನು. ಊರಿನವರಿಗೆ ಸೈಕಲ್ ಶೇಷಪ್ಪ. ಹುಟ್ಟಿದ್ದು ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ಅಂಚಿನಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ಮಂಡಿ, ಮೊಣಕೈ, ಹಿಮ್ಮಡಿ ಒಂದಾದ ಮೇಲೊಂದು ಊದಿಕೊಂಡು ವರ್ಷವಿಡೀ ಮಲಗಿದೆ. ಶಾಲೆ ಅಲ್ಲಿಗೆ ನಿಂತಿತು. ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಚುಚ್ಚಿಸಬೇಕೆಂದು ಅಂದಿನ ಡಾಕ್ಟರು ಹೇಳಿದ್ದರಂತೆ. ಅಪ್ಪ ನಾಲ್ಕೈದು ಸಲ ಕರೆದೊಯ್ದರು. ನೋವು ಹೋದ ಮೇಲೆ ಕರೆದೊಯ್ಯಲಿಲ್ಲ. ಮುಂದೆ ನಾನು ಓದಿದ್ದೆಲ್ಲ ಲೈಬ್ರರಿಯಲ್ಲಿ, ಮತ್ತು ಬಿಡಿಭಾಗಗಳನ್ನು ಸುತ್ತಿ ಬರುತ್ತಿದ್ದ ಹಳೆಯ ಪುಸ್ತಕದ ಹಾಳೆಗಳಲ್ಲಿ. ಹಾಳೆಗಳು ಯಾವಾಗಲೂ ನಡುವಿನಿಂದ ಶುರುವಾಗುತ್ತಿದ್ದುದರಿಂದ, ಹೇಳಿದ್ದನ್ನೆಲ್ಲ ಮೊದಲು ಅನುಮಾನಿಸಿ ಆಮೇಲೆ ತಿಳಿಯುವ ಅಭ್ಯಾಸ ನನಗೆ ಬಂತು.

ಹಲ್ಲಿನ ವಿಷಯ ನಿಜ. ಅಲ್ಲಾಡುತ್ತಿದ್ದ ದವಡೆ ಹಲ್ಲೊಂದನ್ನು ಶಾಪಿನ ಪ್ಲೈಯರಿನಿಂದ ನಾನೇ ಕಿತ್ತುಕೊಂಡೆ. ಪ್ಲೈಯರನ್ನು ಕುದಿಯುವ ನೀರಿನಲ್ಲಿ ಅದ್ದಿದ್ದೆ. ಆ ಬಗ್ಗೆ ನನ್ನನ್ನು ದೂರುವವರು ತಪ್ಪು ತಿಳಿದಿದ್ದಾರೆ. ಕ್ರಿಮಿ ಪ್ಲೈಯರಿನಿಂದ ಬರಲಿಲ್ಲ. ನನ್ನ ಬಾಯಲ್ಲೇ ವರ್ಷಗಳಿಂದ ಮನೆಮಾಡಿಕೊಂಡಿದ್ದ, ಸೈಕಲ್ ಚೈನಿನ ಹಾಗೆ ಸಾಲುಗಟ್ಟುವ ಒಂದು ಜಾತಿ, ವಸಡಿನ ಗಾಯದಿಂದ ರಕ್ತಕ್ಕೆ ಇಳಿಯಿತು. ಬಾಲ್ಯದ ಕೀಲುಜ್ವರದಲ್ಲಿ ಹೃದಯದ ಕವಾಟವೊಂದು ಒರಟಾಗಿತ್ತು. ಅಲ್ಲಿ ಕುಳಿತುಕೊಂಡಿತು.

ಇದಾವುದೂ ಆಗ ಗೊತ್ತಿರಲಿಲ್ಲ. ಗೊತ್ತಿದ್ದುದು ಸಂಜೆಯ ಜ್ವರ ಮಾತ್ರ. ಶಾಪಿನ ಬಾಗಿಲಿನ ಬೆಳಕು ಹಳದಿಗೆ ತಿರುಗುವ ಹೊತ್ತಿಗೆ ಬೆನ್ನಿನ ನಡುವಿನಿಂದ ಚಳಿ ಏಳುತ್ತಿತ್ತು. ಕಣ್ಣು ಮುಚ್ಚಿದರೆ ನಾನು ಹಿನ್ನೀರಿನ ಮೇಲೆ ಇರುತ್ತಿದ್ದೆ. ಚಿಕ್ಕಂದಿನಲ್ಲಿ ನಾವು ಲಾರಿ ಟ್ಯೂಬಿಗೆ ಗಾಳಿ ತುಂಬಿ, ಅದರ ನಡುವೆ ಕುಳಿತು ನೀರಿನ ಮೇಲೆ ತೇಲುತ್ತಿದ್ದೆವು. ಕಾಲ ಕೆಳಗೆ ಮುಳುಗಿದ ಮರಗಳ ತುದಿಗಳು, ಅವುಗಳ ನಡುವೆ ಮೀನುಗಳು, ಕರಿಯ ರಬ್ಬರಿನ ಬಿಸಿ ತೊಡೆಗೆ ತಾಗುವುದು. ಜ್ವರದಲ್ಲಿ ಆ ಟ್ಯೂಬು ನಾನೇ ಆಗಿರುತ್ತಿದ್ದೆ. ಒಳಗಿನಿಂದ ಯಾರೋ ನಿಧಾನವಾಗಿ ಗಾಳಿ ತುಂಬುತ್ತಿದ್ದರು. ಬೆವರು ಒಡೆದಾಗ ದಡ ಸೇರುತ್ತಿದ್ದೆ.

"ಡಾಕ್ಟ್ರ ಹತ್ರ ಹೋಗುವ," ಎಂದಳು ನನ್ನ ಹೆಂಡತಿ ಲಲಿತೆ, ಎರಡನೆಯ ವಾರದಲ್ಲಿ.

"ಎಂತಕ್ಕೆ? ಟೈಫಾಯ್ಡ್ ಅಂತಾರೆ. ಇದು ಟೈಫಾಯ್ಡ್ ಅಲ್ಲ."

"ಅಲ್ಲ ಅಂತ ಯಾವ ಪುಸ್ತಕದಲ್ಲಿ ಬರ್ದಿದೆ?"

"ಯಾವುದ್ರಲ್ಲೂ ಬರ್ದಿಲ್ಲ. ಅದಕ್ಕೇ ಹೇಳ್ತಿದ್ದೀನಿ."

ಅವಳು ಕಷಾಯದ ಲೋಟವನ್ನು ಕುಕ್ಕಿಟ್ಟು ಒಳಗೆ ಹೋದಳು. ಹೀಗೆ ಎರಡು ತಿಂಗಳು ಕಳೆದವು. ನಾನು ಹೇಳಿದ್ದು ಸರಿಯೇ ಆಗಿತ್ತು, ಅದು ಟೈಫಾಯ್ಡ್ ಆಗಿರಲಿಲ್ಲ. ಸರಿಯಾಗಿರುವುದರಿಂದ ಯಾವ ಉಪಯೋಗವೂ ಆಗದ ಸಂದರ್ಭಗಳಲ್ಲಿ ಇದು ಮೊದಲನೆಯದು.

ಕೊನೆಗೆ ಲಲಿತೆಯೇ ಹೊರಡಿಸಿ ಕರೆದೊಯ್ದ ಶಿವಮೊಗ್ಗದ ಆಸ್ಪತ್ರೆಯ ಹೃದಯ ವಿಭಾಗದ ಹೊರಗೆ ಉದ್ದನೆಯ ಬೆಂಚುಗಳು. ಚೀಟಿ ಹಿಡಿದವರೆಲ್ಲ ಒಂದೇ ಬಾಗಿಲನ್ನು ನೋಡುತ್ತಿದ್ದರು. ಫ್ಯಾನಿನ ಕೆಳಗೆ ಕುಳಿತ ನನಗೆ ಆ ಸಾಲೆಲ್ಲ ನೀರಿನ ಕೆಳಗಿರುವಂತೆ ಅನ್ನಿಸಿತು. ಬಾಯಿಗಳು ಅಲ್ಲಾಡುತ್ತಿದ್ದವು, ಮಾತು ತಡವಾಗಿ ತಲುಪುತ್ತಿತ್ತು. ಪಕ್ಕದಲ್ಲಿದ್ದ, ನಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಹೆಂಗಸೊಬ್ಬಳು ಡಬ್ಬಿ ಬಿಚ್ಚಿ ಲಲಿತೆಯ ಮುಂದೆ ಹಿಡಿದಳು.

"ನಿಮ್ಮದೂ ಹಾರ್ಟಾ?"

"ಇವ್ರದ್ದು."

"ನಮ್ಮದೂ ಇವ್ರದ್ದೇ. ತಿನ್ನಿ. ಅವರ ಹಾರ್ಟಿಗೆ ನಾವೆಂತಕ್ಕೆ ಉಪವಾಸ ಇರೋದು?"

ಲಲಿತೆ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು. ಆ ಹೆಂಗಸಿನ ಹೆಸರು ನಮಗೆ ಗೊತ್ತಿಲ್ಲ. ಅವಳು ಕೊಟ್ಟ ಕಡುಬಿನ ರುಚಿ ಲಲಿತೆಗೆ ಈಗಲೂ ನೆನಪಿದೆ.

ಒಳಗೆ ಕತ್ತಲೆ ಕೋಣೆಯಲ್ಲಿ ನನ್ನ ಎದೆಗೆ ತಣ್ಣನೆಯ ಅಂಟು ಸವರಿ ಯಂತ್ರದ ಮೂತಿ ಒತ್ತಿದರು. ಪರದೆಯ ಮೇಲೆ ಬೂದು ನೀರಿನಲ್ಲಿ ಒಂದು ಎಲೆ ಏಳುತ್ತ ಬೀಳುತ್ತ ಇತ್ತು. ಅದರ ಅಂಚಿಗೆ ಪಾಚಿಯಂಥದೊಂದು ಗಂಟು ಅಂಟಿಕೊಂಡು ಓಲಾಡುತ್ತಿತ್ತು. ಹೃದಯದ ಡಾಕ್ಟರಮ್ಮ ದೀಪ ಹಾಕಿ ನನ್ನ ಬಳಿ ಕುಳಿತರು.

"ಅಜ್ಜ, ನಿಮ್ಮ ಕವಾಟ ಲೀಕ್ ಇದೆ. ಅದರ ಮೇಲೆ ಇನ್ಫೆಕ್ಷನ್ ಗಂಟು ಕಟ್ಟಿದೆ. ಆರು ವಾರ, ನಾಲ್ಕು ಗಂಟೆಗೊಮ್ಮೆ ರಕ್ತನಾಳಕ್ಕೇ ಆಂಪಿಸಿಲಿನ್ ಕೊಡ್ಬೇಕು. ನಡುವೆ ಬಿಡೋ ಹಾಗಿಲ್ಲ. ಗಂಟಿನ ಚೂರು ಕಿತ್ತು ಮಿದುಳಿಗೆ ಹೋದ್ರೆ ಮಾತು ಹೋಗ್ಬಹುದು, ಕೈಕಾಲು ಹೋಗ್ಬಹುದು. ಗೊತ್ತಾಯ್ತಾ?"

"ವಾಲ್ ಟ್ಯೂಬ್ ಲೀಕು. ಗೊತ್ತಾಯ್ತು," ಎಂದೆ. ಸೈಕಲ್ ಟ್ಯೂಬಿನ ಬಾಯಲ್ಲಿ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಚಿಕ್ಕ ರಬ್ಬರಿನ ತುಂಡಿಗೆ ನಾವು ಹಾಗೆನ್ನುತ್ತೇವೆ. ಅದನ್ನು ನಾನು ಅರ್ಧ ನಿಮಿಷದಲ್ಲಿ ಬದಲಿಸಬಲ್ಲೆ. ನನ್ನದನ್ನು ಬದಲಿಸಬೇಕಾದರೆ ಎದೆ ಸೀಳಬೇಕು, ಅದು ಕೊನೆಯ ದಾರಿ ಎಂದರು ಡಾಕ್ಟರಮ್ಮ.

ಒಂದು ವಾರ ಅಲ್ಲಿದ್ದು, ಉಳಿದ ಐದು ವಾರಕ್ಕೆ ಕೊಪ್ಪದ ಒಂದು ಚಿಕ್ಕ ಆಸ್ಪತ್ರೆಗೆ ಬಂದೆ. ಕಿಟಕಿಯಾಚೆ ಕಾಫಿ ತೋಟದ ಗುಡ್ಡ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗಾಗಿದ್ದವು. ಔಷಧದ ಹನಿ ಬೀಳುವುದನ್ನು ನೋಡುತ್ತ ಮಲಗಿದರೆ ಹೂವಿನ ವಾಸನೆ ಕೈಯ ನಾಳದ ಮೂಲಕವೇ ಒಳಗೆ ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡಿದ್ದ ಸಿರಿಮನೆಯ ಪುಟ್ಟೇಗೌಡರು.

"ಎಂಥ ಔಷಧ ಮಾರಾಯ್ರೆ ಅದು?"

"ಕ್ರಿಮಿಯ ಗೋಡೆ ಒಡೆಯುತ್ತಂತೆ. ನರ್ಸ್ ಹೇಳಿದ್ರು."

"ಮತ್ತೆ ನಿಮ್ಮ ಗೋಡೆ?"

ಅದೇ ಪ್ರಶ್ನೆ ನನಗೂ ಇತ್ತು. ಗೋಡೆ ಒಡೆಯುವಂಥದು ರಕ್ತದಲ್ಲಿ ಹರಿದಾಡುತ್ತಿದ್ದರೆ ನನ್ನದನ್ನು ಯಾಕೆ ಬಿಡುತ್ತದೆ? ಅದಕ್ಕೆ ಉತ್ತರ ಹೇಳಿದವಳು ಶಾಹಿನಾ.

ಶಾಹಿನಾ ಆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಪೇಟೆಯಲ್ಲಿ ಟೈಲರ್ ಆಗಿದ್ದ ನನ್ನ ಗೆಳೆಯ ಅಬ್ಬಾಸನ ಮಗಳು. ಅವಳ ಶಾಲೆಯ ಸೈಕಲ್ಲಿಗೆ ಪಂಚರ್ ಹಾಕಿದವನು ನಾನೇ. ಇಲ್ಲಿಗೆ ಬರುವ ಮೊದಲು ಸಂಶೋಧನೆಯ ಪ್ರಯೋಗಶಾಲೆಯೊಂದರಲ್ಲಿ ನಾಲ್ಕು ವರ್ಷ ಇದ್ದಳು.

"ಆಂಪಿಸಿಲಿನ್ನಾ? ಅಲ್ಲಿ ದಿನಾ ಅದನ್ನೇ ಕಲಸ್ತಿದ್ದೆ ಸೈಕಲ್ ಮಾಮ," ಎಂದಳು. "ಬ್ಯಾಕ್ಟೀರಿಯಾಕ್ಕೆ ಒಂದು ಹೊಸ ಗುಣ ಸೇರಿಸ್ತೀವಿ, ಜೊತೆಗೆ ಈ ಔಷಧ ತಡ್ಕೊಳ್ಳೋ ಶಕ್ತಿನೂ ಕೊಡ್ತೀವಿ. ಆಮೇಲೆ ಔಷಧ ಬೆರೆಸಿದ ತಟ್ಟೆಯಲ್ಲಿ ಬೆಳೆಸ್ತೀವಿ. ಬದುಕಿದ್ದು ನಮ್ಮದು, ಉಳಿದದ್ದು ಹೋಯ್ತು. ಕಳೆ ಕೀಳೋ ಕೆಲಸ."

"ಗೋಡೆ ಒಡೆಯೋದು ಹೇಗೆ?"

"ಒಡೆಯೋದಿಲ್ಲ. ನೋಡ್ತೀರಾ?"

ಫೋನು ತೆಗೆದಳು. ಸೂಕ್ಷ್ಮದರ್ಶಕದಲ್ಲಿ ತೆಗೆದ ಕೆಲವು ಗಂಟೆಗಳ ಚಿತ್ರವನ್ನು ಕೆಲವು ನಿಮಿಷಕ್ಕೆ ಇಳಿಸಿದ್ದರು. ಅದು ನನ್ನ ಕ್ರಿಮಿಯಲ್ಲ, ಪ್ರಯೋಗಶಾಲೆಗಳಲ್ಲಿ ಸಾಕುವ ಜಾತಿ, ಅಕ್ಕಿಕಾಳಿನಂಥ ಆಕಾರ. ಔಷಧ ಹರಿಯಿತು. ಕಾಳುಗಳು ಸಾಯಲಿಲ್ಲ; ಬೆಳೆದವು. ಎರಡಾಗಬೇಕಾದವು ಎರಡಾಗದೆ ಉದ್ದವಾದವು, ಕನಸಿನಲ್ಲಿ ದಾರಿಗಳು ಉದ್ದವಾಗುವ ಹಾಗೆ. ನಂತರ ಒಂದರ ಪಕ್ಕೆಯಲ್ಲಿ ಸಣ್ಣ ಗುಳ್ಳೆ ಎದ್ದಿತು. ಗುಳ್ಳೆ ದುಂಡಗಾಯಿತು, ಹೊಳೆಯಿತು, ಒಂದು ಕ್ಷಣ ಹಾಗೇ ನಿಂತಿತು. ಮರುಕ್ಷಣ ಅಲ್ಲಿ ಏನೂ ಇರಲಿಲ್ಲ, ಮಸುಕು ನೆರಳೊಂದರ ಹೊರತು.

ಆ ಗುಳ್ಳೆಯನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಟಯರು ಒಂದು ಕಡೆ ಸೀಳಿದ್ದರೆ ಗಾಳಿ ತುಂಬಿದ ಟ್ಯೂಬು ಆ ಸೀಳಿನಿಂದ ಹೊರಗೆ ಇಣುಕಿ ಹೀಗೆಯೇ ಉಬ್ಬುತ್ತದೆ, ಹೀಗೆಯೇ ಹೊಳೆಯುತ್ತದೆ. ಆಗ ಒಳಗೆ ಹಳೆಯ ಟಯರಿನ ತುಂಡೊಂದನ್ನು ಇಟ್ಟು ತಡೆಯದಿದ್ದರೆ ಹಿರೇಕೊಡಿಗೆಯ ಇಳಿಜಾರು ಮುಗಿಯುವುದರೊಳಗೆ ಸಿಡಿಯುತ್ತದೆ.

"ಇದು ಗೋಡೆಯಲ್ಲ ಶಾಹಿನಾ. ಟಯರು."

ಅವಳು ಯೋಚಿಸಿ, "ಸರಿ, ಟಯರೇ ಅನ್ನಿ. ಗೋಡೆಗಿಂತ ಅದೇ ಸರಿ," ಎಂದು ಮಂಚದ ತುದಿಯಲ್ಲಿ ಕುಳಿತಳು. ಪುಟ್ಟೇಗೌಡರೂ ಕಿವಿ ಈ ಕಡೆ ಇಟ್ಟರು. ಅವಳು ಹೇಳಿದ್ದನ್ನು ನಾನು ನನ್ನ ಭಾಷೆಗೆ ಒಗ್ಗಿಸಿಕೊಂಡೆ. ಕ್ರಿಮಿಯ ಮೈ ತೆಳ್ಳನೆಯ ಟ್ಯೂಬು. ನೀರು ಸದಾ ಒಳಗೆ ನುಗ್ಗುತ್ತ ಅದನ್ನು ಉಬ್ಬಿಸುತ್ತಿರುತ್ತದೆ. ಅದು ಸಿಡಿಯದಂತೆ ಹೊರಗೆ ಎಳೆಎಳೆಯಾಗಿ ಹೆಣೆದ ಕವಚ. ಕ್ರಿಮಿ ದೊಡ್ಡದಾಗಬೇಕಾದರೆ ಕವಚವೂ ದೊಡ್ಡದಾಗಬೇಕು, ಅದೂ ಓಡುತ್ತಿರುವ ಸೈಕಲ್ಲಿನ ಮೇಲೆಯೇ. ಅದಕ್ಕೆ ಒಂದು ಕೈ ಹಳೆಯ ಎಳೆಗಳನ್ನು ಬಿಡಿಸುತ್ತ ಹೋಗುತ್ತದೆ, ಇನ್ನೊಂದು ಕೈ ಹೊಸ ಎಳೆ ತಂದು ಕಟ್ಟುತ್ತದೆ. ಔಷಧವು ಎಳೆಯ ತುದಿಯ ವೇಷದಲ್ಲಿ ಬರುತ್ತದೆ. ಕಟ್ಟುವ ಕೈ ಅದನ್ನು ಹಿಡಿಯುತ್ತದೆ, ಮತ್ತೆ ಬಿಡಲಾರದು. ಬಿಡಿಸುವ ಕೈಗೆ ಇದು ತಿಳಿಯುವುದಿಲ್ಲ. ಅದು ಬಿಡಿಸುತ್ತಲೇ ಇರುತ್ತದೆ. ತೂತನ್ನು ಔಷಧ ಮಾಡುವುದಿಲ್ಲ. ಕ್ರಿಮಿ ತಾನೇ ಮಾಡಿಕೊಳ್ಳುತ್ತದೆ.

"ನಮ್ಮ ಮೈಗೆ ಯಾಕೆ ಏನೂ ಆಗೋದಿಲ್ಲ ಹಾಗಾದ್ರೆ?" ಎಂದರು ಪುಟ್ಟೇಗೌಡರು.

"ನಮಗೆ ಟಯರೇ ಇಲ್ಲ ಗೌಡ್ರೆ," ಎಂದಳು ಶಾಹಿನಾ. "ನಾವೆಲ್ಲ ಬರೀ ಟ್ಯೂಬು. ರಕ್ತದಲ್ಲಿ ಉಪ್ಪು ಹದವಾಗಿದೆ, ನೀರು ನುಗ್ಗೋದಿಲ್ಲ. ಅದಕ್ಕೇ ತೇಲ್ಕೊಂಡಿದ್ದೀವಿ."

ಆ ಮಾತು ನನ್ನನ್ನು ಹಿನ್ನೀರಿಗೆ ಕರೆದೊಯ್ದಿತು. ಫೋನನ್ನು ಅವಳ ಕೈಗೆ ಕೊಟ್ಟು ಕಣ್ಣು ಮುಚ್ಚಿದೆ. ಚಿತ್ರ ಇನ್ನೂ ಓಡುತ್ತಿತ್ತು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಔಷಧ ಶುರುವಾದ ಎಂಟನೆಯ ದಿನವೇ ಜ್ವರ ಬಿಟ್ಟಿತ್ತು. ಮೂರನೆಯ ವಾರದಲ್ಲಿ ಹಸಿವು ಬಂತು, ಸಿಟ್ಟು ಬಂತು, ಎರಡೂ ತೋಳಿನ ನಾಳಗಳು ಸೂಜಿಗೆ ಸಿಗದಷ್ಟು ಗಟ್ಟಿಯಾದವು. ಮಲಗಿದಲ್ಲೇ ನಾನು ಒಂದು ವಾದ ಕಟ್ಟಿದೆ. ಈ ಔಷಧ ಕಟ್ಟುವ ಕೈಯನ್ನು ಹಿಡಿಯುತ್ತದೆ. ಆದ್ದರಿಂದ ಬೆಳೆಯುತ್ತಿರುವ ಕ್ರಿಮಿಗೆ ಮಾತ್ರ ತಗಲುತ್ತದೆ. ಬೆಳೆಯುತ್ತಿದ್ದರೆ ಜ್ವರ ಇರಬೇಕು. ಜ್ವರವಿಲ್ಲ, ಆದ್ದರಿಂದ ಬೆಳೆಯುತ್ತಿಲ್ಲ. ಬೆಳೆಯದಿರುವಲ್ಲಿ ಈ ಔಷಧಕ್ಕೆ ಕೆಲಸವಿಲ್ಲ. ಕೆಲಸವಿಲ್ಲದ ಔಷಧಕ್ಕೆ ನಾನು ಇನ್ನೂ ಮೂರು ವಾರ ತೋಳು ಚಾಚಿ ಮಲಗುವುದು ಯಾವ ನ್ಯಾಯ? ಇದನ್ನು ಅಲ್ಲಿನ ತರುಣ ಡಾಕ್ಟರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಆರು ವಾರ ಅಂದ್ರೆ ಆರು ವಾರ ಅಜ್ಜ," ಎಂದರು. ಅದು ನನಗೆ ಉತ್ತರವಾಗಿ ಕಾಣಲಿಲ್ಲ. ಇಪ್ಪತ್ತೆರಡನೆಯ ದಿನ, ನನ್ನ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆಂದು ಬರೆದು ಸಹಿ ಮಾಡಿದೆ.

ಲಲಿತೆ ಬಟ್ಟೆಗಳನ್ನು ಒಂದೊಂದಾಗಿ, ಬೇಕೆಂದೇ ನಿಧಾನವಾಗಿ ಮಡಿಸಿದಳು. ಶಾಹಿನಾ ಗೇಟಿನ ತನಕ ಬಂದಳು.

"ಮಾಮ, ವಿಡಿಯೋ ನೀವು ಪೂರ್ತಿ ನೋಡಿಲ್ಲ."

"ಸಿಡಿದದ್ದು ನೋಡಿದ್ನಲ್ಲ."

"ಆಮೇಲೂ ಇದೆ."

"ಇರ್ಲಿ ಮಾರಾಯ್ತಿ, ಇನ್ನೊಂದಿನ," ಎಂದು ಆಟೋ ಹತ್ತಿದೆ.

ಮುಂದಿನ ಎಂಟು ದಿನಗಳು ನನ್ನ ಬದುಕಿನ ಅತ್ಯಂತ ತಿಳಿಯಾದ ದಿನಗಳು. ಶಾಪಿನ ಮುಂದೆ ಕುಳಿತು ಸಂಜೆಯನ್ನು ಕಾದೆ. ಸಂಜೆ ಬಂತು, ಚಳಿ ಬರಲಿಲ್ಲ. ಒಂಬತ್ತನೆಯ ದಿನ ಲಲಿತೆಯನ್ನು ಕರೆದುಕೊಂಡು ಶೃಂಗೇರಿಗೆ ಹೋದೆ. ಹೊಳೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕಿದೆವು. ಮಧ್ಯಾಹ್ನದ ಬಿಸಿಲು ನೀರಿನೊಳಗೆ ಕಂಬಗಳಾಗಿ ಇಳಿದಿತ್ತು. ಮೀನುಗಳ ಬೆನ್ನುಗಳು ಕರಿಯ ಟ್ಯೂಬುಗಳಂತೆ ಮೇಲೆ ಬಂದು ಮುಳುಗುತ್ತಿದ್ದವು. ನಾನು ಅವುಗಳನ್ನು ನೋಡುತ್ತಿದ್ದಂತೆ ಬಲಗಣ್ಣಿನ ಮೇಲಿನಿಂದ ಯಾರೋ ಬೂದು ಪರದೆಯನ್ನು ಎಳೆದರು. ಅರ್ಧ ಹೊಳೆ ಮಾಯವಾಯಿತು. ನೋವಿರಲಿಲ್ಲ, ಸದ್ದಿರಲಿಲ್ಲ. ಬಹಳ ಸುಂದರವಾಗಿತ್ತು ಎಂದರೆ ಯಾರೂ ನಂಬಲಾರರು. ನಂತರ ಬೆನ್ನಿನ ನಡುವಿನಿಂದ ಆ ಹಳೆಯ ಚಳಿ ಎದ್ದಿತು, ಕೈಯಲ್ಲಿದ್ದ ಮಂಡಕ್ಕಿ ತಾನೇ ತಾನಾಗಿ ನೀರಿಗೆ ಸುರಿಯತೊಡಗಿತು.

"ಎಂತಾಯ್ತು?" ಎಂದಳು ಲಲಿತೆ.

"ಒಂದು ಕಣ್ಣು ಕಾಣ್ತಿಲ್ಲ."

ಅವಳು ನನ್ನ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದಳು. ಐದು ನಿಮಿಷವೋ ಹತ್ತು ನಿಮಿಷವೋ, ಪರದೆ ಬಂದ ಹಾಗೆಯೇ ಸರಿಯಿತು. ಹೊಳೆ ಮತ್ತೆ ಪೂರ್ತಿಯಾಯಿತು. ಗಂಟಿನ ಒಂದು ಚೂರು ಕಣ್ಣಿನ ನಾಳದವರೆಗೆ ಬಂದು, ಕರುಣೆ ತೋರಿ ಕರಗಿಹೋಗಿತ್ತು ಎಂದು ಆಮೇಲೆ ತಿಳಿಯಿತು. ಅದು ಇನ್ನೊಂದು ಕವಲಿಗೆ ಹೋಗಿದ್ದರೆ ಈ ಬರಹವಿರುತ್ತಿರಲಿಲ್ಲ.

ಆಸ್ಪತ್ರೆಗೆ ಹಿಂದಿರುಗುವ ಕಾರಿನಲ್ಲಿ ನಾನು ನನ್ನ ವಾದವನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಿದೆ. ಎಲ್ಲ ಎಳೆಗಳೂ ಸರಿಯಾಗಿಯೇ ಕಂಡವು. "ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ," ಎಂದೆ.

ಲಲಿತೆ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಪಂಚರ್ ಹುಡುಕುವಾಗ ಟ್ಯೂಬನ್ನ ಬೇಸಿನ್ ನೀರಲ್ಲಿ ಮುಳುಗ್ಸಿ ತಿರುಗ್ಸ್ತೀರಲ್ಲ. ಒಂದು ಕಡೆ ಗುಳ್ಳೆ ಬಂತು ಅಂತ ಅಷ್ಟಕ್ಕೇ ಟ್ಯೂಬ್ ಎತ್ತೋರಿಗೆ ನಲವತ್ತು ವರ್ಷ ಬೈದಿದ್ದು ಯಾರು? ಪೂರ್ತಿ ಸುತ್ತು ಆಗದೆ ಎತ್ತಬೇಡ, ಇನ್ನೊಂದು ತೂತು ಇರ್ತದೆ ಅಂತ. ಆ ಬೈಗುಳ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ."



ಅದೇ ಕೋಣೆ, ಅದೇ ಕಿಟಕಿ. ಪುಟ್ಟೇಗೌಡರು ಮನೆಗೆ ಹೋಗಿದ್ದರು. ಕಾಫಿ ಹೂವು ಕಂದಾಗಿ ಉದುರಿತ್ತು. ತರುಣ ಡಾಕ್ಟರು ಶಿವಮೊಗ್ಗದ ಡಾಕ್ಟರಮ್ಮನೊಡನೆ ಫೋನಿನಲ್ಲಿ ಮಾತಾಡಿ, ಔಷಧಕ್ಕೆ ಇನ್ನೊಂದನ್ನು ಜೊತೆ ಮಾಡಿ, ಆರು ವಾರವನ್ನು ಮೊದಲಿನಿಂದ ಶುರುಮಾಡಿದರು. ಗದರಲಿಲ್ಲ. ಸೂಜಿಗೆ ಸಿಗುವ ನಾಳವೊಂದನ್ನು ಹುಡುಕಲು ಅರ್ಧ ಗಂಟೆ ನನ್ನ ಕೈ ಸವರಿದರು, ಅಷ್ಟೇ. ಶಾಹಿನಾ ಬಂದು ನಿಂತಾಗ ನಾನೇ ಕೇಳಿದೆ.

"ಉಳಿದದ್ದು ತೋರ್ಸು."

ಸಿಡಿದವುಗಳ ಮಸುಕು ನೆರಳುಗಳ ನಡುವೆ ಒಂದು ಕಾಳು ಇತ್ತು. ಮೊದಲ ಸಲವೂ ಅಲ್ಲೇ ಇದ್ದಿರಬೇಕು. ನಾನು ಗುಳ್ಳೆಗಳನ್ನು ನೋಡುತ್ತಿದ್ದೆ. ಅದು ಬೆಳೆಯಲಿಲ್ಲ, ಉದ್ದವಾಗಲಿಲ್ಲ, ಉಬ್ಬಲಿಲ್ಲ. ಸುತ್ತಲೂ ಎಲ್ಲ ಸಿಡಿಯುತ್ತಿರುವಾಗ ಮಲಗಿತ್ತು. ಕಟ್ಟುವ ಕೈಯೂ ಬಿಡಿಸುವ ಕೈಯೂ ಸುಮ್ಮನಿದ್ದಲ್ಲಿ ಔಷಧ ಹಿಡಿಯುವುದು ಏನನ್ನು? ಆಮೇಲೆ ಔಷಧವನ್ನು ತೊಳೆದು ಬರಿಯ ಆಹಾರ ಹರಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ನಂತರ ಅದು ಮೈಮುರಿಯಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ನೆರಳುಗಳ ಮೇಲೆಲ್ಲ ಹೊಸ ಕಾಳುಗಳು ಹಬ್ಬಿದವು.

"ನಿಮ್ಮ ಲೆಕ್ಕ ಸರೀನೇ ಇತ್ತು ಮಾಮ," ಎಂದಳು ಶಾಹಿನಾ. "ಬೆಳೆಯದ್ದಕ್ಕೆ ಔಷಧ ತಗಲೋದಿಲ್ಲ. ಅದಕ್ಕೇ ಅದು ಏಳೋ ತನಕ ಕಾಯ್ಬೇಕು. ಎದ್ದ ಕೂಡ್ಲೇ ಸಿಗ್ಬೇಕು. ಆರು ವಾರ ಅಂದ್ರೆ ಅಷ್ಟೇ. ಕಾವಲು."

ತರುಣ ಡಾಕ್ಟರು ಇದನ್ನೇ ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ ಎಂದು ಲಲಿತೆಯೊಡನೆ ವಾದಿಸಿದೆ. ಹೋಗುತ್ತಿದ್ದಿರಿ ಎಂದಳು. ಈ ಒಂದು ವಿಷಯದಲ್ಲಿ ನನ್ನ ಅನುಮಾನವೂ ಅವಳ ಕಡೆಗಿದೆ. ಅಪ್ಪನ ಬಗ್ಗೆ ಎಷ್ಟೋ ವರ್ಷ ಇಟ್ಟುಕೊಂಡಿದ್ದ ಒಂದು ದೂರನ್ನೂ ಆ ದಿನಗಳಲ್ಲೇ ಕೈಬಿಟ್ಟೆ. ನೋವು ಹೋದದ್ದನ್ನು ಅವರು ನೋಡಿದ್ದರು. ನಾನು ಜ್ವರ ಹೋದದ್ದನ್ನು ನೋಡಿದ್ದೆ. ಅವರು ಪುಸ್ತಕ ಓದದೆ ಮಾಡಿದ್ದನ್ನು ನಾನು ಓದಿ ಮಾಡಿದೆ.

ಆರು ವಾರಗಳು ಹನಿಹನಿಯಾಗಿ ಹೋದವು. ನಾನು ಮಲಗಿ ಮಲಗಿ ಆ ಒಂದು ಕಾಳಿನ ಬಗ್ಗೆ ಯೋಚಿಸುತ್ತಿದ್ದೆ. ಅದರಂಥದೊಂದು ನನ್ನೆದೆಯ ಪಾಚಿಯ ನಡುವೆ ಎಲ್ಲೋ ಕಣ್ಣುಮುಚ್ಚಿ ತೇಲುತ್ತಿದೆ. ನಾನೂ ಇಲ್ಲಿ ಕಣ್ಣುಮುಚ್ಚಿ ತೇಲುತ್ತಿದ್ದೇನೆ. ಇಬ್ಬರಲ್ಲಿ ಯಾರು ಮೊದಲು ಏಳುತ್ತಾರೆ ಎಂಬುದಷ್ಟೇ ಉಳಿದಿತ್ತು. ಅದರ ಮೇಲೆ ನನಗೆ ದ್ವೇಷವಿರಲಿಲ್ಲ. ಹಠವಿತ್ತು.

ಔಷಧ ನಿಲ್ಲಿಸಿದ ಮೇಲೆ ಕೆಲವು ದಿನ ಬಿಟ್ಟು ನನ್ನ ರಕ್ತವನ್ನು ಆಹಾರ ತುಂಬಿದ ಬಾಟಲಿಗೆ ಹಾಕಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟರು. ಕ್ರಿಮಿ ಉಳಿದಿದ್ದರೆ ಬಾಟಲಿ ಕದಡುತ್ತದೆ. ಐದನೆಯ ದಿನ ಶಾಹಿನಾ ಬಂದಳು.

"ಏನೂ ಬೆಳೆದಿಲ್ಲ ಮಾಮ. ತಿಳಿಯಾಗಿದೆ."

"ಇನ್ನೆರಡು ದಿನ ಇಡು."

"ಐದು ದಿನ ಸಾಕು."

"ಸಾಕು ಅಂತ ನಾನೂ ಹೇಳಿದ್ದೆ," ಎಂದೆ.

ಲಲಿತೆ ಮುಖ ತಿರುಗಿಸಿಕೊಂಡು ನಕ್ಕಳು. ಶಾಹಿನಾ ಎರಡು ದಿನ ಇಟ್ಟಳು. ಏಳನೆಯ ದಿನ ಬೆಳಿಗ್ಗೆ ಬಾಟಲಿಯನ್ನೇ ಹಿಡಿದುಕೊಂಡು ಬಂದು, ಮುಚ್ಚಳ ಮುಟ್ಟಬಾರದೆಂದು ಹೇಳಿ ನನ್ನ ಕೈಗೆ ಕೊಟ್ಟಳು. ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ನನ್ನ ರಕ್ತ ಕೆಂಪು ಮಣ್ಣಿನಂತೆ ಕುಳಿತಿತ್ತು, ಮೇಲೆ ತೆಳು ಜೇನಿನ ಬಣ್ಣದ ನೀರು. ಅದರೊಳಗೆ ಕಿಟಕಿಯೂ ಕಾಫಿಯ ಗುಡ್ಡವೂ ತಲೆಕೆಳಗಾಗಿ, ಚಿಕ್ಕದಾಗಿ, ಒಂದು ಎಲೆಯೂ ಕದಡದೆ ನಿಂತಿದ್ದವು.

"ಸಿಕ್ಕಿತಾ ತೂತು?" ಎಂದಳು ಲಲಿತೆ.

ನಾನು ಬಾಟಲಿಯನ್ನು ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸತೊಡಗಿದೆ. ಶುರುಮಾಡಿದ ಜಾಗ ಮತ್ತೆ ನನ್ನ ಕಣ್ಣೆದುರಿಗೆ ಬರುವವರೆಗೆ ತಿರುಗಿಸಿದೆ. ಆಮೇಲೆ ಶಾಹಿನಾಳ ಕೈಗೆ ಕೊಟ್ಟೆ.